ಸಿಯೆರಾ ಲಿಯೋನ್: ವಜ್ರದ ಮೇಲೆ ಹೊರಿಸಿದ ಯುದ್ಧ

ಸಿಯೆರಾ ಲಿಯೋನ್ ಎಂದೊಡನೆ ‘ರಕ್ತವಜ್ರ’ದ, ಅಂದರೆ ಯುದ್ಧಕ್ಕೆ ಹಣ ಒದಗಿಸಿದ ವಜ್ರದ, ಮಾತು ಬಂದುಬಿಡುತ್ತದೆ. ಪಶ್ಚಿಮ ಆಫ್ರಿಕಾದ ಈ ಪುಟ್ಟ ದೇಶದಲ್ಲಿ 1991ರಿಂದ 2002ರವರೆಗೆ ನಡೆದ ಅಂತರ್ಯುದ್ಧಕ್ಕೆ ವಜ್ರವೇ ಕಾರಣ ಎಂದುಬಿಟ್ಟರೆ ಕಥೆ ಸಲೀಸಾಗಿ ಮುಗಿಯುತ್ತದೆ. ಆದರೆ ಅಲ್ಲಿನ ಸತ್ಯ ಮತ್ತು ಸಂಧಾನ ಆಯೋಗ 2004ರ ವರದಿಯಲ್ಲಿ ಮೂಲ ಕಾರಣವೆಂದು ಬೊಟ್ಟು ಮಾಡಿದ್ದು ದುರಾಡಳಿತ ಮತ್ತು ಭ್ರಷ್ಟಾಚಾರದತ್ತ.

1961ರಲ್ಲಿ ಬ್ರಿಟಿಷರು ಹೊರಟಾಗ ದೇಶಕ್ಕೊಂದು ರೈಲುಮಾರ್ಗವಿತ್ತು. ರಾಜಧಾನಿ ಫ್ರೀಟೌನ್‌ನಿಂದ ಲೈಬೀರಿಯಾ ಗಡಿಗೆ ಹೊಂದಿಕೊಂಡ ಕೈಲಾಹುನ್ ಜಿಲ್ಲೆಯ ಪೆಂಡೆಂಬುವರೆಗೆ ಅದು ಹೋಗುತ್ತಿತ್ತು. ಕಾಫಿ, ಕೋಕೋ ಬೆಳೆಗಾರರಿಗೆ ಅದೇ ಪೇಟೆಯ ದಾರಿ. 1968ರಲ್ಲಿ ಅಧಿಕಾರ ಹಿಡಿದ ಸಿಯಾಕಾ ಸ್ಟೀವನ್ಸ್ ಕಾಲದಲ್ಲಿ, 1970ರ ದಶಕದಲ್ಲಿ, ರೈಲು ನಿಂತಿತು, ಹಳಿಗಳನ್ನೂ ಕಿತ್ತರು. ಆ ಭಾಗ ವಿರೋಧ ಪಕ್ಷದ ಭದ್ರಕೋಟೆಯಾಗಿತ್ತು ಎಂಬುದನ್ನು ಬರೀ ಕಾಕತಾಳೀಯವೆಂದು ನಂಬುವುದು ಕಷ್ಟ. 1978ರಲ್ಲಿ ಏಕಪಕ್ಷ ಪದ್ಧತಿ ಬಂತು. ಆಮೇಲಿನ ದಶಕದಲ್ಲಿ ಬೊಕ್ಕಸ ಬರಿದಾಗಿ ಶಿಕ್ಷಕರಿಗೆ ಸಂಬಳವಿಲ್ಲ, ಓದಿದ ಹುಡುಗರಿಗೆ ಕೆಲಸವಿಲ್ಲ.

1991ರ ಮಾರ್ಚ್ 23ರಂದು ಬಂಡುಕೋರರು ಒಳನುಗ್ಗಿದ್ದು ಅದೇ ಕೈಲಾಹುನ್ ಜಿಲ್ಲೆಯ ಬೊಮಾರು ಎಂಬ ಊರಿಗೆ. ನಾಯಕ ಫೋಡೆ ಸಂಕೋ, ಸೇನೆಯ ಮಾಜಿ ಕಾರ್ಪೊರಲ್. ಒಮ್ಮೆ ಕ್ಷಿಪ್ರಕ್ರಾಂತಿಯ ಪ್ರಕರಣದಲ್ಲಿ ಜೈಲು ಕಂಡವನು, ಆಮೇಲೆ ಫೋಟೊ ತೆಗೆದು ಬದುಕಿದವನು. ಬೆನ್ನಿಗೆ ಲೈಬೀರಿಯಾದ ಬಂಡುಕೋರ ನಾಯಕ ಚಾರ್ಲ್ಸ್ ಟೇಲರ್ ಇದ್ದ.

ವಜ್ರದ ಪಾತ್ರವಿರುವುದು ಯುದ್ಧ ಇಷ್ಟು ವರ್ಷ ಎಳೆದುದರಲ್ಲಿ. ಕೋನೋ ಜಿಲ್ಲೆಯ ವಜ್ರಕ್ಕೆ ಆಳದ ಸುರಂಗ ಬೇಕಿಲ್ಲ. ಹರಳುಗಳು ಬಹುಪಾಲು ನದಿಪಾತ್ರದ ಜಲ್ಲಿಯಲ್ಲೇ ಚದುರಿರುತ್ತವೆ. ಮೊಣಕಾಲುದ್ದದ ಕೆಸರುನೀರಿನಲ್ಲಿ ನಿಂತು, ಜರಡಿಗೆ ಜಲ್ಲಿ ತುಂಬಿ ಕುಲುಕಿ ತಿರುಗಿಸಿದರೆ ತೂಕದ ಕಲ್ಲುಗಳು ನಡುವೆ ಕೂರುತ್ತವೆ. ಗುದ್ದಲಿ, ಜರಡಿ, ಆಳುಗಳಿದ್ದರೆ ಸಾಕು. ಬಂದೂಕು ಹಿಡಿದವನಿಗೆ ಆಳುಗಳೂ ಪುಕ್ಕಟೆ. ಹರಳು ಲೈಬೀರಿಯಾಕ್ಕೆ ಹೋಯಿತು, ಆಯುಧ ಈ ಕಡೆ ಬಂತು. ಸರ್ಕಾರಿ ಸೈನಿಕರಲ್ಲೂ ಕೆಲವರು ಹಗಲು ಸಮವಸ್ತ್ರ ತೊಟ್ಟು ರಾತ್ರಿ ಕೊಳ್ಳೆಗಿಳಿದರು. ಜನ ಅವರನ್ನು ‘ಸೊಬೆಲ್’ (ಸೋಲ್ಜರ್ ಮತ್ತು ರೆಬೆಲ್ ಸೇರಿದ ಪದ) ಎಂದು ಕರೆದರು.

1996ರ ಚುನಾವಣೆಯಲ್ಲಿ ಮತ ಹಾಕಬಾರದೆಂದು ಬಂಡುಕೋರರು ಹಳ್ಳಿಗರ ಕೈಗಳನ್ನೇ ಕಡಿದರು. ‘ಗಿಡ್ಡ ತೋಳೋ, ಉದ್ದ ತೋಳೋ’ ಎಂದು ಅಂಗಿಯ ಅಳತೆ ಕೇಳುವವರ ಹಾಗೆ ಕೇಳುತ್ತಿದ್ದರು: ಗಿಡ್ಡವೆಂದರೆ ಮೊಣಕೈ ಮೇಲಕ್ಕೆ, ಉದ್ದವೆಂದರೆ ಮಣಿಕಟ್ಟಿಗೆ.

ಇಷ್ಟಾದ ಮೇಲೂ 1999ರ ಲೋಮೆ ಶಾಂತಿ ಒಪ್ಪಂದ ಸಂಕೋಗೆ ಕ್ಷಮಾದಾನದ ಜೊತೆ ಉಪಾಧ್ಯಕ್ಷನ ಸ್ಥಾನಮಾನ, ಖನಿಜ ಆಯೋಗದ ಅಧ್ಯಕ್ಷಗಿರಿ ಕೊಟ್ಟಿತು. ಕಳ್ಳನ ಕೈಗೇ ಕೀಲಿಕೈ. ವರ್ಷ ತುಂಬುವ ಮೊದಲೇ ಅವನ ಪಡೆ ವಿಶ್ವಸಂಸ್ಥೆಯ ನೂರಾರು ಶಾಂತಿಪಾಲಕರನ್ನು ಹಿಡಿದಿಟ್ಟಿತು. ಕೈಲಾಹುನ್‌ನಲ್ಲಿ ಭಾರತದ ಗೂರ್ಖಾ ಯೋಧರು ಎರಡು ತಿಂಗಳಿಗೂ ಹೆಚ್ಚು ಕಾಲ ಮುತ್ತಿಗೆಯಲ್ಲಿ ಸಿಲುಕಿದರು. 2000ದ ಜುಲೈನಲ್ಲಿ ‘ಆಪರೇಷನ್ ಖುಕ್ರಿ’ ಅವರನ್ನು ಬಿಡಿಸಿತು.

2002ರ ಜನವರಿಯಲ್ಲಿ ಯುದ್ಧ ಮುಗಿಯಿತೆಂದು ಘೋಷಿಸಿದಾಗ ಸತ್ತವರು ಅಂದಾಜು 50,000, ನಿರ್ವಸಿತರು ಲಕ್ಷಾಂತರ. ಸಂಕೋ 2003ರಲ್ಲಿ ವಿಚಾರಣೆ ಮುಗಿಯುವ ಮೊದಲೇ ಬಂಧನದಲ್ಲಿ ಸತ್ತ. ಟೇಲರ್‌ಗೆ 2012ರಲ್ಲಿ 50 ವರ್ಷಗಳ ಶಿಕ್ಷೆಯಾಯಿತು. ಆಯುಧ ಕೆಳಗಿಟ್ಟ ಸುಮಾರು 72,000 ಮಂದಿಯಲ್ಲಿ ಹಲವರಿಗೆ ಹಣ, ಕಸುಬಿನ ತರಬೇತಿ ಬೇಗನೆ ಸಿಕ್ಕಿತು. ಅದಿಲ್ಲದೆ ಶಾಂತಿ ನಿಲ್ಲುತ್ತಿರಲಿಲ್ಲ, ನಿಜ. ಕೈ ಕಳೆದುಕೊಂಡವರು ಮಾತ್ರ ಪರಿಹಾರದ ಮೊದಲ ಕಂತಿಗಾಗಿ 2008ರ ಆಚೆಗೂ ಕಾಯಬೇಕಾಯಿತು. ಬಂದದ್ದು ಸುಮಾರು 100 ಡಾಲರ್.