ನೋಂದಣಿ ಖರ್ಚು: ಏನೇನು, ಎಷ್ಟೆಷ್ಟು

ಮಾತಾದ ಬೆಲೆಯ ಜೊತೆಗೆ, ಕ್ರಯಪತ್ರ ನೋಂದಣಿಯಾಗಿ ಖಾತೆ ಹೆಸರಿಗೆ ಬರುವಷ್ಟರಲ್ಲಿ ಖರ್ಚಾಗುವ ಹಣವೆಲ್ಲ ನೋಂದಣಿ ಖರ್ಚಿನಲ್ಲಿ ಬರುತ್ತದೆ. ಅಮೆರಿಕದಲ್ಲಿ ಇದನ್ನು ಕ್ಲೋಸಿಂಗ್ ಕಾಸ್ಟ್ ಎನ್ನುತ್ತಾರೆ. ನಮ್ಮಲ್ಲಿ ಇದರ ಸಿಂಹಪಾಲು ಸರ್ಕಾರದ್ದು.

ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಸಾಮಾನ್ಯವಾಗಿ ಶೇ 5. ಆ ಶುಲ್ಕದ ಮೇಲೆ ಶೇ 10 ಸೆಸ್, ನಗರದಲ್ಲಾದರೆ ಶೇ 2 ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ. ಬೆಂಗಳೂರಿನಲ್ಲಿ 60 ಲಕ್ಷದ ಹಳೆಯ ಫ್ಲ್ಯಾಟ್ ಕೊಂಡರೆ ಮುದ್ರಾಂಕ 3,00,000, ಸೆಸ್ 30,000, ಸರ್ಚಾರ್ಜ್ 6,000, ನೋಂದಣಿ 1,20,000: ಒಟ್ಟು 4,56,000 ರೂಪಾಯಿ.

ಈ ಲೆಕ್ಕ ತಪ್ಪುವುದು ಮಾರ್ಗಸೂಚಿ ದರದಲ್ಲಿ, ಅಂದರೆ ಆಯಾ ಜಾಗದ ಆಸ್ತಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ದರದಲ್ಲಿ. ಕ್ರಯದ ಮೊತ್ತ, ಮಾರ್ಗಸೂಚಿ ಬೆಲೆ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೇ ಶುಲ್ಕ. ಅದೇ ಫ್ಲ್ಯಾಟಿನ ಮಾರ್ಗಸೂಚಿ ಬೆಲೆ 65 ಲಕ್ಷವಿದ್ದರೆ ಖರ್ಚು 4,94,000ಕ್ಕೆ ಏರುತ್ತದೆ. ಅಗ್ರಿಮೆಂಟ್‌ಗೆ ಸಹಿ ಹಾಕುವ ಮೊದಲೇ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ದರ ನೋಡಿಕೊಳ್ಳಿ.

ಇನ್ನೂ ದೊಡ್ಡ ಪೆಟ್ಟು ಬೀಳುವುದು ಸಾಲದ ಕಡೆಯಿಂದ. 30ರಿಂದ 75 ಲಕ್ಷದವರೆಗಿನ ಗೃಹಸಾಲಕ್ಕೆ ಬ್ಯಾಂಕು ಮನೆ ಬೆಲೆಯ ಶೇ 80ರವರೆಗೆ ಕೊಡಬಹುದು. ಆದರೆ ಆ ಬೆಲೆಯಲ್ಲಿ ಮುದ್ರಾಂಕ, ನೋಂದಣಿ ಸೇರುವುದಿಲ್ಲ. ಅಂದರೆ ಮೊದಲ ಲೆಕ್ಕದ 60 ಲಕ್ಷದ ಫ್ಲ್ಯಾಟಿಗೆ 48 ಲಕ್ಷ ಸಾಲ ಸಿಕ್ಕರೂ ಕೈಯಲ್ಲಿ 12 ಲಕ್ಷ ಸಾಲದು, 16.56 ಲಕ್ಷ ಬೇಕು. ಸಾಲದ ಪ್ರೊಸೆಸಿಂಗ್ ಶುಲ್ಕ, ಹಕ್ಕುಪತ್ರ ಅಡವಿನ ನೋಂದಣಿ, ವಕೀಲರ ಫೀಸು, ದಲ್ಲಾಳಿ ಕಮಿಷನ್, ಖಾತಾ ವರ್ಗಾವಣೆ ಇದರಾಚೆಗಿನವು. ನಿರ್ಮಾಣ ಹಂತದ ಫ್ಲ್ಯಾಟ್ ಆದರೆ ಸಾಮಾನ್ಯವಾಗಿ ಶೇ 5 ಜಿಎಸ್‌ಟಿಯೂ ಉಂಟು. ಸ್ವಾಧೀನ ಪ್ರಮಾಣಪತ್ರ ಬಂದ ಮೇಲೆ ಮಾರಿದ್ದಕ್ಕೆ ಇಲ್ಲ.

50 ಲಕ್ಷ ಅಥವಾ ಮೇಲ್ಪಟ್ಟ ವ್ಯವಹಾರದಲ್ಲಿ ಶೇ 1 ಟಿಡಿಎಸ್ (ಮೂಲದಲ್ಲೇ ಮುರಿಯುವ ಆದಾಯ ತೆರಿಗೆ) ಹಿಡಿದು ಕಟ್ಟುವುದು ಕೊಳ್ಳುವವರ ಹೊಣೆ. ಇದು ಹೆಚ್ಚಿನ ಖರ್ಚಲ್ಲ, ಮಾರುವವರಿಗೆ ಕೊಡುವ ಹಣದಲ್ಲೇ ಮುರಿದುಕೊಳ್ಳುವುದು. ಅವರ ಪ್ಯಾನ್ ಆಧಾರ್‌ಗೆ ಜೋಡಣೆಯಾಗದೆ ನಿಷ್ಕ್ರಿಯವಾಗಿದ್ದರೆ ದರ ಶೇ 20ಕ್ಕೆ ಹಾರುತ್ತದೆ, ನೋಟಿಸ್ ಬರುವುದು ಕೊಂಡವರಿಗೆ. ಮುಂಗಡ ಕೊಡುವ ಮೊದಲೇ ಪ್ಯಾನ್ ಸ್ಥಿತಿ ಪರೀಕ್ಷಿಸಿ. ಮಾರುವವರು ಅನಿವಾಸಿಯಾದರೆ ಶೇ 1ರ ಲೆಕ್ಕ ನಡೆಯದು, ಲೆಕ್ಕ ಪರಿಶೋಧಕರನ್ನೇ ಕೇಳಬೇಕು.

ಮಾರುವವರಿಗೂ ಖರ್ಚಿದೆ: ಬಾಕಿ ಸಾಲ ತೀರಿಸಿ ಋಣಮುಕ್ತಿ ಪತ್ರ ಪಡೆಯುವುದು, ಆಸ್ತಿ ತೆರಿಗೆ, ನೀರು, ವಿದ್ಯುತ್, ಸಂಘದ ನಿರ್ವಹಣಾ ಬಾಕಿ ಚುಕ್ತಾ ಮಾಡುವುದು. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡ ಮನೆಯ ಲಾಭಕ್ಕೆ ಸಾಮಾನ್ಯವಾಗಿ ಶೇ 12.5 ತೆರಿಗೆ. ಯಾವ ಬಾಕಿ ಯಾರ ತಲೆಗೆ, ಯಾವ ದಿನಾಂಕದವರೆಗೆ ಎಂಬುದನ್ನು ಅಗ್ರಿಮೆಂಟ್‌ನಲ್ಲೇ ಬರೆಸಿಕೊಳ್ಳಿ.