ಕಿಟಕಿ ಕೆಳಗಿನ ಗೋಡೆ ಯಾಕೆ ನೆನೆಯುತ್ತೆ?

ಮಳೆ ಶುರುವಾಗಿ ಹದಿನೈದು ದಿನಕ್ಕೆ ನಮ್ಮ ಮುಂದಿನ ರೂಮಿನ ಕಿಟಕಿ ಕೆಳಗೆ ಬಣ್ಣ ಉಬ್ಬುತ್ತಿತ್ತು. ಉಜ್ಜಿದರೆ ಬಿಳಿ ಪುಡಿ ಉದುರುತ್ತಿತ್ತು. ಎರಡು ವರ್ಷ ಸುಮ್ನೆ ಪುಟ್ಟಿ ಮೆತ್ತಿ ಬಣ್ಣ ಹೊಡೆಸಿದೆ. ಮೂರನೇ ವರ್ಷ ಬಂದ ಮೇಸ್ತ್ರಿ ಒಳಗಿನ ಗೋಡೆ ನೋಡಲೇ ಇಲ್ಲ. ಹೊರಗೆ ಹೋಗಿ, ಕಿಟಕಿಯ ಗ್ರಾನೈಟ್ ಕಲ್ಲಿನ ಅಡಿಯಲ್ಲಿ ಬೆರಳಾಡಿಸಿ, "ಗ್ರೂವೇ ಹೊಡೆದಿಲ್ಲ ಸಾರ್, ನೀರು ಕೆಳಗೆ ಬೀಳೋದು ಹೇಗೆ?" ಎಂದರು.

ಲೋಟದಿಂದ ನಿಧಾನವಾಗಿ ಕಾಫಿ ಬಗ್ಗಿಸಿದರೆ ಅದು ಲೋಟದ ಹೊರಮೈಗೇ ಅಂಟಿಕೊಂಡು ಇಳಿಯುತ್ತೆ ಅಲ್ವಾ? ಕಿಟಕಿ ಕಲ್ಲಿನಲ್ಲೂ ಅದೇ ಆಟ. ನೀರು ಅಂಚು ದಾಟಿ, ಕಲ್ಲಿನ ಅಡಿಗೆ ತಿರುಗಿ, ಗೋಡೆಯವರೆಗೆ ತೆವಳುತ್ತದೆ. ಅಡಿಯಲ್ಲಿ ಅಂಚಿನ ಹತ್ತಿರ ಒಂದು ಗೆರೆ, ಅಂದರೆ ಮೇಸ್ತ್ರಿ ಹೇಳಿದ ಗ್ರೂವ್, ಕೊರೆದಿದ್ದರೆ ಅದನ್ನು ದಾಟಲು ನೀರು ಮೇಲಕ್ಕೆ ಹತ್ತಬೇಕು. ಹತ್ತಲಾಗದೆ ಹನಿಯಾಗಿ ಬೀಳುತ್ತದೆ. ಕಲ್ಲು ಹೊರಕ್ಕೆ ಸ್ವಲ್ಪ ಇಳಿಜಾರಾಗಿಯೂ ಇರಬೇಕು. ನಮ್ಮದು ಒಳಕ್ಕೇ ವಾಲಿತ್ತು!

ಗೋಡೆ ಮುಟ್ಟಿದ ನೀರಿಗೆ ಗಾರೆಯಲ್ಲಿ ಒಂದು ಕೂದಲೆಳೆ ಬಿರುಕು ಸಾಕು. ಸಂದು ಕಿರಿದಾದಷ್ಟೂ ಎಳೆತ ಜಾಸ್ತಿ. 1 ಮಿ.ಮೀ. ವ್ಯಾಸದ ಗಾಜಿನ ಕೊಳವೆಯಲ್ಲಿ ನೀರು ಸುಮಾರು 3 ಸೆಂ.ಮೀ. ಏರುತ್ತದೆ, 0.1 ಮಿ.ಮೀ. ಕೊಳವೆಯಲ್ಲಿ 30 ಸೆಂ.ಮೀ. ಇದರ ಮೇಲೆ ಗಾಳಿ ಬೇರೆ. ಗಂಟೆಗೆ 50 ಕಿ.ಮೀ. ವೇಗದ ಗಾಳಿಯ ಒತ್ತಡ ನೀರನ್ನು ಸುಮಾರು 1 ಸೆಂ.ಮೀ. ಎತ್ತರಕ್ಕೆ ತಳ್ಳಬಲ್ಲದು. ಒಳಗೆ ಹೋದ ನೀರು ಸಿಮೆಂಟು, ಇಟ್ಟಿಗೆಗಳ ಉಪ್ಪನ್ನು ಕರಗಿಸಿಕೊಂಡು ಬಂದು, ಗೋಡೆಯ ಮೈಮೇಲೆ ಆವಿಯಾಗುತ್ತದೆ. ಹಿಂದೆ ಉಳಿಯುವುದೇ ಆ ಬಿಳಿ ಪುಡಿ.

ರಿಪೇರಿ ಶುರುವಾಗುವುದು ಕಿವಿಯಿಂದ. ಸುತ್ತಿಗೆ ಹಿಡಿಯಿಂದ ತಟ್ಟುತ್ತಾ ಹೋಗಿ, ಟೊಳ್ಳು ಸದ್ದು ಬಂದ ಕಡೆಯೆಲ್ಲ ಗಾರೆ ಕಿತ್ತು ಹಾಕಬೇಕು. ಗೋಡೆ ನೆನೆಸಿಯೇ ಹೊಸ ಗಾರೆ. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಬಿಟ್ಟರೆ ಸಿಮೆಂಟು ಗಟ್ಟಿಯಾಗುವುದಿಲ್ಲ. ಆಮೇಲೆ ಒಂದು ವಾರ ನೀರು ಹೊಡೆಯಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಗಾರೆ ಬೇಗ ಒಣಗಿ ಕುಗ್ಗಿ ಮತ್ತೆ ಬಿರುಕು ಬಿಡುತ್ತದೆ.

ಕಿಟಕಿಯ ಅಲ್ಯೂಮಿನಿಯಂ ಚೌಕಟ್ಟು ಮತ್ತು ಗೋಡೆಯ ನಡುವಿನ ಸಂದಿಗೆ ಮಾತ್ರ ಸಿಮೆಂಟು ಬೇಡ. ಬಿಸಿಲಿಗೆ ಅಲ್ಯೂಮಿನಿಯಂ ಕಾಂಕ್ರೀಟಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅಲ್ಲಿ ರಬ್ಬರಿನಂತೆ ಹಿಗ್ಗಿ ಕುಗ್ಗುವ ಸೀಲೆಂಟ್ (ಸಂದು ಮುಚ್ಚುವ ಅಂಟು) ಬೇಕು. ಬಾಲ್ಕನಿ ಬಾಗಿಲಿಗೂ ಇದೇ ಮಾತು. ಅಲ್ಲಿ ಹೊರಗಿನ ನೆಲ ಒಳಗಿನದಕ್ಕಿಂತ ತಗ್ಗಿರಬೇಕು, ಅಷ್ಟೇ.

ಎಲ್ಲ ಮುಗಿದ ಮೇಲೆ ಮೇಸ್ತ್ರಿ ಜಾರುಕಿಟಕಿಯ ಹಳಿಯ ಹೊರಬದಿ ತೋರಿಸಿದರು. ಹಳಿಯಲ್ಲಿ ನಿಂತ ನೀರು ಆಚೆ ಹೋಗಲೆಂದು ಅಲ್ಲಿ ಎರಡು ಸಣ್ಣ ತೂತುಗಳಿರುತ್ತವೆ. "ಇದನ್ನ ಯಾರು ಸಾರ್ ಮುಚ್ಚಿದ್ದು?" ಎಂದರು. ಇರುವೆ ಬರುತ್ತೆ ಅಂತ ನಾನೇ ಪುಟ್ಟಿ ಮೆತ್ತಿದ್ದೆ.