ಬಸ್ಸಿಗೆ ಚಾಸಿ ಇದೆ, ರೈಲು ಡಬ್ಬಿಗೆ ಇಲ್ಲ

ಇಂದ್ರಾಳಿಯಲ್ಲಿ ನಮ್ಮ ಮನೆಯಿಂದ ಎರಡು ಮನೆ ಆಚೆಗೆ ಬಸ್ ಮಾಲೀಕರೊಬ್ಬರಿದ್ದಾರೆ. ಉಡುಪಿ–ಮಂಗಳೂರು ದಾರಿಯಲ್ಲಿ ಅವರ ನಾಲ್ಕು ಬಸ್ಸುಗಳು ಓಡುತ್ತವೆ. ಒಂದು ಸಂಜೆ ಚಹಾಕ್ಕೆ ಬಂದವರು ಗದರಿಸುವ ಧ್ವನಿಯಲ್ಲಿಯೇ ಕೇಳಿದರು: "ನನ್ನ ಹಳೆಯ ಬಸ್ಸಿನ ಬಾಡಿ ಪೂರ್ತಿ ಕಳಚಿ, ಅದೇ ಚಾಸಿಯ ಮೇಲೆ ಹೊಸ ಬಾಡಿ ಕಟ್ಟಿಸಿದೆ. ಈಗ ಮದುಮಗಳ ಹಾಗೆ ಓಡುತ್ತಿದೆ. ನಿಮ್ಮ ರೈಲ್ವೆಯವರು ಮಾತ್ರ ತುಕ್ಕು ಕಂಡದ್ದೇ ತಡ, ಗುಜರಿಗೆ ಹಾಕುತ್ತೀರಲ್ಲ ಮಾರಾಯರೇ! ಜನರ ದುಡ್ಡು ಎಂದೇ?"

ರೈಲ್ವೆಯ ಕ್ಯಾರೇಜ್–ವ್ಯಾಗನ್ ವಿಭಾಗದಲ್ಲಿ ಮೂವತ್ತು ವರ್ಷ ಗ್ರೀಸು ಮೆತ್ತಿಕೊಂಡವನು ನಾನು. ಇದಕ್ಕೆ ಒಂದು ಸಾಲಿನ ಉತ್ತರ ಇದೆ: ಬಸ್ಸಿಗೆ ಚಾಸಿ ಇದೆ, ರೈಲು ಡಬ್ಬಿಗೆ ಇಲ್ಲ. ಆದರೆ ಆ ಒಂದು ಸಾಲನ್ನು ಅವರಿಗೆ ಒಪ್ಪಿಸುವಷ್ಟರಲ್ಲಿ ಎರಡನೆಯ ಲೋಟ ಚಹಾ ಆಗಿತ್ತು.

ಮೊದಲು ಒಂದು ಶಬ್ದದ ಗೊಂದಲ. ಪ್ರಯಾಣಿಕರು, ಪತ್ರಿಕೆಯವರು ಎಲ್ಲರೂ ಕೋಚನ್ನು 'ಬೋಗಿ' ಎನ್ನುತ್ತಾರೆ. ನಮ್ಮ ಕೆಲಸದಲ್ಲಿ ಬೋಗಿ ಎಂದರೆ ಕೋಚಿನ ಅಡಿಗೆ, ಎರಡೂ ತುದಿಯಲ್ಲಿರುವ ನಾಲ್ಕು ಚಕ್ರಗಳ ಗಾಡಿ. ಕೋಚನ್ನು ಜ್ಯಾಕ್ ಮೇಲೆ ಎತ್ತಿದರೆ ಬೋಗಿ ಕೆಳಗಿನಿಂದ ಉರುಳಿಕೊಂಡು ಹೊರಗೆ ಬರುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ ರಿಪೇರಿಯ ಲೆಕ್ಕ ತಿಳಿಯುವುದಿಲ್ಲ. ಚಕ್ರ, ಬೇರಿಂಗ್, ಸ್ಪ್ರಿಂಗ್, ಬ್ರೇಕ್ ಬ್ಲಾಕ್ ಎಲ್ಲವೂ ಸವೆಯಲೆಂದೇ ಇರುವ ವಸ್ತುಗಳು. ಸುಬ್ರಹ್ಮಣ್ಯ–ಸಕಲೇಶಪುರ ಘಾಟಿಯಲ್ಲಿ ಐವತ್ತು ಅಡಿ ಸಾಗಿದರೆ ಒಂದು ಅಡಿ ಏರು. ಅಲ್ಲಿ ಇಳಿದು ಬಂದ ರೈಲಿನ ಬ್ರೇಕ್ ಬ್ಲಾಕ್ ಸವೆದಿದ್ದರೆ ಬದಲಿಸುತ್ತೇವೆ, ಅಷ್ಟೇ. ಹೊಸ ಚಕ್ರದ ವ್ಯಾಸ 915 ಮಿ.ಮೀ.; ಲೇಥಿನಲ್ಲಿ ಕಡೆದು ಕಡೆದು ನಿಗದಿತ ಮಿತಿಗೆ ಇಳಿದ ಮೇಲೆ ಅದನ್ನು ತೆಗೆದುಹಾಕುತ್ತೇವೆ. ಇಪ್ಪತ್ತು ವರ್ಷದ ಕೋಚಿನ ಅಡಿಯಲ್ಲಿ ಮೊನ್ನೆ ಮೊನ್ನೆ ಬಂದ ಚಕ್ರಗಳಿರುವುದು ತೀರಾ ಸಾಮಾನ್ಯ. ಆದ್ದರಿಂದ ಕೋಚಿನ ವಯಸ್ಸು ಅದರ ಬೋಗಿಯಲ್ಲಿಲ್ಲ. ಅದು ಇರುವುದು ಮೇಲಿನ ಶೆಲ್ಲಿನಲ್ಲಿ, ಅಂದರೆ ಕೋಚಿನ ಉಕ್ಕಿನ ಮೈಯಲ್ಲಿ.

ಚೆನ್ನೈನ ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ 1955ರಲ್ಲಿ ಶುರುವಾಯಿತು. ವಿನ್ಯಾಸ ಸ್ವಿಸ್ ಕಂಪನಿಯದು. 'ಇಂಟಿಗ್ರಲ್', ಅಂದರೆ ಎಲ್ಲ ಸೇರಿ ಒಂದೇ, ಎಂಬ ಹೆಸರಿನಲ್ಲೇ ನನ್ನ ನೆರೆಯವರ ಪ್ರಶ್ನೆಗೆ ಉತ್ತರವಿದೆ. ಬಸ್ಸಿನಲ್ಲಿ ಭಾರ ಹೊರುವುದು ಚಾಸಿ, ಬಾಡಿ ಅದರ ಮೇಲೆ ಕುಳಿತ ಪೆಟ್ಟಿಗೆ. ಈ ಕೋಚಿನಲ್ಲಿ ನೆಲ, ಎರಡು ಪಕ್ಕದ ಗೋಡೆ, ಚಾವಣಿ, ತುದಿಗಳ ಗೋಡೆ ಎಲ್ಲವನ್ನೂ ಬೆಸುಗೆ ಹಾಕಿ ಒಂದೇ ಕೊಳವೆಯಂತೆ ಮಾಡಿರುತ್ತಾರೆ. ಭಾರವನ್ನು ಆ ಕೊಳವೆಯೇ ಹೊರುತ್ತದೆ. ತಗಡು ಎರಡು ಮಿಲಿಮೀಟರ್ ಆಸುಪಾಸಿನದು. ಅಷ್ಟು ತೆಳುವಾದ ತಗಡಿನಿಂದ ಎಪ್ಪತ್ತೆರಡು ಬರ್ತಿನ ಸ್ಲೀಪರ್ ನಿಲ್ಲುವುದು ಎಲ್ಲ ಭಾಗಗಳೂ ಕೈ ಹಿಡಿದುಕೊಂಡಿರುವುದರಿಂದ. ಒಂದು ಕೈ ಬಿಟ್ಟರೆ ಉಳಿದವಕ್ಕೆ ಹೊರೆ ಹೆಚ್ಚುತ್ತದೆ.

ನಮ್ಮ ಕಡೆಯ ಹಂಚಿನ ಮನೆಯ ಹಾಗೆಯೂ ಅಲ್ಲ ಇದು. ಅಲ್ಲಿ ರೀಪು ಹೋದರೆ ರೀಪು, ಪಕ್ಕಾಸು ಹೋದರೆ ಪಕ್ಕಾಸು. ಗೋಡೆಗೆ ಗೊತ್ತೇ ಆಗುವುದಿಲ್ಲ.

ತುಕ್ಕು ಎಲ್ಲಿಂದ ಶುರುವಾಗುತ್ತದೆ? ಪ್ರಯಾಣಿಕರು ನೋಡುವುದು ಕಿಟಕಿಯ ಕೆಳಗಿನ ಕಂದು ಗೆರೆ. ನಾವು ಮೊದಲು ನೋಡುವುದು ಶೌಚಾಲಯದ ಅಡಿ. ಕೋಚಿನ ಉದ್ದಕ್ಕೂ ಎರಡು ಅಂಚಿನಲ್ಲಿ ಹೋಗುವ ತೊಲೆಗೆ ಸೋಲ್‌ಬಾರ್ ಎನ್ನುತ್ತಾರೆ. ನೆಲದ ಅಡಿಗಿರುವ ಏರಿಳಿತದ ತಗಡು ಟ್ರಫ್ ಫ್ಲೋರ್. ಬಾಗಿಲು, ಶೌಚಾಲಯ, ವಾಷ್ ಬೇಸಿನ್ ಇರುವ ಕಡೆ ಇವೆರಡೂ ಮೊದಲು ಹೋಗುತ್ತವೆ. ಬಯೋ ಟಾಯ್ಲೆಟ್ ಬರುವ ಮೊದಲು ಎಲ್ಲವೂ ನೇರ ಹಳಿಗೆ ಬೀಳುತ್ತಿತ್ತು, ಗಾಳಿಗೆ ಸಿಡಿದು ಅರ್ಧ ಕೋಚಿನ ತಳಕ್ಕೇ ಮೆತ್ತುತ್ತಿತ್ತು. ಹಳಿಗಳ ನಡುವೆ ಗುಂಡಿ ತೋಡಿದ ಪಿಟ್‌ಲೈನಿನಲ್ಲಿ ಅದರ ಅಡಿ ನಿಂತು ತಲೆಯೆತ್ತಿ ಕೆಲಸ ಮಾಡಿದವರ ಕಷ್ಟವನ್ನು ಇಲ್ಲಿ ಬರೆಯುವುದಿಲ್ಲ, ಓದುವವರು ಊಟಕ್ಕೆ ಕೂರಬೇಕಷ್ಟೆ.

ಎರಡನೆಯ ಜಾಗ ಇನ್ನೂ ಕಪಟಿ. ಪಕ್ಕದ ಗೋಡೆ ಕೆಳಗೆ ಒಳಕ್ಕೆ ಬಾಗುವಲ್ಲಿ ಒಂದು ಪೊಳ್ಳು ಇದೆ. ಕಿಟಕಿಯ ಚೌಕಟ್ಟಿನ ಮೂಲಕ ಇಳಿದ ಮಳೆನೀರು ಅಲ್ಲಿ ಸೇರುತ್ತದೆ. ಅದು ಹೊರಹೋಗಲು ಸಣ್ಣ ತೂತುಗಳಿವೆ. ಆ ತೂತುಗಳನ್ನು ಮುಚ್ಚುವುದು ನಾವೆಲ್ಲ ಕಿಟಕಿಯ ಸಂದಿಗೆ ತುರುಕುವ ಕಡಲೆಕಾಯಿ ಸಿಪ್ಪೆ, ಬಿಸ್ಕತ್ತಿನ ಕಾಗದ, ವರ್ಷಗಳ ಧೂಳು. ನೀರು ಒಳಗೇ ನಿಂತು ತಗಡನ್ನು ಒಳಗಿನಿಂದ ತಿನ್ನುತ್ತದೆ, ಹೊರಗಿನ ಬಣ್ಣ ಮಾತ್ರ ಸುಂದರವಾಗಿಯೇ ಇರುತ್ತದೆ.

ಇದಕ್ಕೆಲ್ಲ ಕರಾವಳಿಯ ಕೊಡುಗೆ ಬೇರೆ. ಹಳೆಯ ಕೋಚುಗಳ ಉಕ್ಕು ಕಾರ್ಟೆನ್ ಎಂಬ ಜಾತಿಯದು. ಮೇಲ್ಮೈಯಲ್ಲಿ ಬಿಗಿಯಾದ ತುಕ್ಕಿನ ಪದರ ಕಟ್ಟಿ, ಆ ಪದರವೇ ಒಳಗಿನ ಉಕ್ಕನ್ನು ಕಾಯಬೇಕು ಎಂಬುದು ಅದರ ಗುಣ. ಆದರೆ ಪದರ ಗಟ್ಟಿಯಾಗಲು ಉಕ್ಕು ನೆನೆದು ಒಣಗಿ, ನೆನೆದು ಒಣಗಿ ಆಗಬೇಕು. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬೀಳುವ, ಗಾಳಿಯಲ್ಲಿ ಸದಾ ಉಪ್ಪಿರುವ ನಮ್ಮಲ್ಲಿ ಅದು ಒಣಗುವುದೇ ಅಪರೂಪ. ಉಪ್ಪಿನ ಅಂಶ ಸೇರಿದರೆ ಪದರ ಹಪ್ಪಳದ ಹಾಗೆ ಎದ್ದು ಬರುತ್ತದೆ. ಪಾರ್ಸೆಲ್ ವ್ಯಾನಿನಲ್ಲಿ ಮೀನಿನ ಪೆಟ್ಟಿಗೆ ಹೋದರಂತೂ ಕೇಳುವುದೇ ಬೇಡ. ಐಸ್ ಕರಗಿದ ಉಪ್ಪುನೀರು ನೆಲದ ಸಂದಿಯಿಂದ ಇಳಿದು ಟ್ರಫ್ ಫ್ಲೋರಿನ ಕಾಲುವೆಗಳಲ್ಲಿ ಮಲಗುತ್ತದೆ. ಮೀನಿಗೆ ಸೋರದ ಪ್ಯಾಕಿಂಗ್ ಬೇಕೆಂದು ನಾವು ಪಟ್ಟು ಹಿಡಿದಾಗ ಮೀನು ಇಳಿಸುವ ಧಕ್ಕೆಯ ವ್ಯಾಪಾರಿಗಳು ನಮ್ಮನ್ನು ಮೀನಿನ ವೈರಿಗಳೆಂದು ತಿಳಿದರು. ನಾನು ವಾರಕ್ಕೆ ಐದು ದಿನ ಬಂಗುಡೆ ತಿನ್ನುವವನು.

ಈಗ ರಿಪೇರಿಗೆ ಬರೋಣ. ಕೆಟ್ಟಿದೆಯೇ ಎಂದು ತಿಳಿಯಲು ದೊಡ್ಡ ಯಂತ್ರ ಬೇಡ, ಸುತ್ತಿಗೆ ಸಾಕು. ಗಟ್ಟಿ ಸೋಲ್‌ಬಾರ್ 'ಠಣ್' ಎನ್ನುತ್ತದೆ. ತಿಂದುಹೋದದ್ದು ಒದ್ದೆ ಮರದ ಹಾಗೆ 'ಡಬ್' ಎನ್ನುತ್ತದೆ. ದಪ್ಪ ಅಳೆಯುವ ಉಪಕರಣ ಬಂದ ಮೇಲೂ ಹಳಬರು ಮೊದಲು ಸುತ್ತಿಗೆಯನ್ನೇ ಹುಡುಕುತ್ತಾರೆ.

ಹದಿನೆಂಟು ತಿಂಗಳಿಗೊಮ್ಮೆ ಕೋಚು ಪಿ.ಒ.ಎಚ್. ಎಂಬ ದೊಡ್ಡ ತಪಾಸಣೆಗೆ ವರ್ಕ್‌ಶಾಪಿಗೆ ಹೋಗುತ್ತಿತ್ತು, ಪೆರಂಬೂರಿಗೋ ಮೈಸೂರಿಗೋ ಹುಬ್ಬಳ್ಳಿಗೋ. ಅಲ್ಲಿ ನೆಲದ ಹಲಗೆ ಎಬ್ಬಿಸಿ, ತಿಂದುಹೋದ ಭಾಗವನ್ನು ಗ್ಯಾಸಿನಲ್ಲಿ ಕತ್ತರಿಸಿ, ಹೊಸ ತುಂಡು ಬೆಸೆಯುತ್ತಾರೆ. ಒಳ್ಳೆಯ ಬೆಸುಗೆಗಾರನ ಕೈಯಲ್ಲಿ ಆ ತುಂಡು ಹೊಸದರಷ್ಟೇ ಗಟ್ಟಿ. ತೊಂದರೆ ಇರುವುದು ತುಂಡಿನ ಅಂಚಿನಲ್ಲಿ. ಬೆಸುಗೆಯ ಬಿಸಿಗೆ ತಗಡಿನ ಹಿಂಬದಿಯ ಬಣ್ಣ ಸುಟ್ಟುಹೋಗುತ್ತದೆ, ಹಿಂಬದಿ ಇರುವುದು ಮುಚ್ಚಿದ ಪೊಳ್ಳಿನ ಒಳಗೆ. ಅಲ್ಲಿಗೆ ಬ್ರಷ್ ಹೋಗುವುದಿಲ್ಲ. ಹೊಸ ತುಕ್ಕು ಹುಟ್ಟುವುದು ಸರಿಯಾಗಿ ಅಲ್ಲೇ. ಮುಂದಿನ ಸಲ ತೇಪೆಯ ಪಕ್ಕದಲ್ಲಿ ಇನ್ನೊಂದು ತೇಪೆ, ಅದರಾಚೆ ಮತ್ತೊಂದು. ಮೂರನೆಯ ತೇಪೆಗೆ ಬೆಸುಗೆ ಹಿಡಿಯಲು ಗಟ್ಟಿ ಉಕ್ಕೇ ಸಿಗುವುದಿಲ್ಲ, ಕಡ್ಡಿ ಇಟ್ಟಲ್ಲೆಲ್ಲ ತೂತು.

ಅದಕ್ಕೇ ನಾನು ಹೇಳುವುದು: ಕೋಚಿಗೆ ದೊಡ್ಡ ದುಡ್ಡು ಸುರಿಯುವುದಾದರೆ ಹನ್ನೆರಡು, ಹದಿಮೂರನೆಯ ವರ್ಷದಲ್ಲಿ ಸುರಿಯಬೇಕು. ಈ ಕೋಚುಗಳಿಗೆ ನಿಗದಿಯಾದ ಆಯುಷ್ಯ 25 ವರ್ಷ. ನಡುವಯಸ್ಸಿನಲ್ಲಿ ಒಳಗಿನದ್ದೆಲ್ಲ ತೆಗೆದು ಶೆಲ್ಲನ್ನು ಬರಿದು ಮಾಡಿ ದುರಸ್ತಿ ಮಾಡಲೆಂದೇ ಭೋಪಾಲದ ನಿಶಾತ್‌ಪುರದಲ್ಲಿ ಒಂದು ವರ್ಕ್‌ಶಾಪ್ ಕಟ್ಟಿದರು. ಅಲ್ಲಿಗೆ ಹೋಗಿ ಬಂದ ಕೋಚುಗಳನ್ನು ನಾನು ನೋಡಿದ್ದೇನೆ. ಆ ಹಣ ವ್ಯರ್ಥವಾಗಲಿಲ್ಲ. ಅದೇ ಕೆಲಸವನ್ನು ಇಪ್ಪತ್ತೆರಡನೆಯ ವರ್ಷದಲ್ಲಿ ಮಾಡಿದರೆ ಸಿಗುವುದು ಮುಂದಿನ ತಪಾಸಣೆಯವರೆಗಿನ ಹದಿನೆಂಟು ತಿಂಗಳು. ಜೊತೆಗೆ ವರ್ಕ್‌ಶಾಪಿನ ಒಂದು ಲೈನನ್ನು ಅದು ವಾರಗಟ್ಟಲೆ ಹಿಡಿದಿರುತ್ತದೆ, ಹಿಂದೆ ಗಟ್ಟಿ ಕೋಚುಗಳು ಸರದಿ ಕಾಯುತ್ತಿರುತ್ತವೆ. ರಿಪೇರಿಯ ಲೆಕ್ಕದಲ್ಲಿ ಉಕ್ಕಿನ ಬೆಲೆ, ಕೂಲಿ ಎಲ್ಲರೂ ಬರೆಯುತ್ತಾರೆ. ಆ ಲೈನಿನ ಬೆಲೆಯನ್ನು ಬರೆಯುವವರು ಕಡಿಮೆ.

ಪೆಟ್ಟು ತಿಂದ ಕೋಚಿನ ಕಥೆ ಬೇರೆ. ನಾನಿದ್ದ ಒಂದು ಡಿಪೋದಲ್ಲಿ ಶಂಟಿಂಗ್ ಮಾಡುವಾಗ, ಅಂದರೆ ಕೋಚುಗಳನ್ನು ಹಳಿಯಿಂದ ಹಳಿಗೆ ಸರಿಸುವಾಗ, ಎಚ್ಚರ ತಪ್ಪಿ ಒಂದು ಕೋಚು ಇನ್ನೊಂದಕ್ಕೆ ಗುದ್ದಿತು. ತುದಿಯ ಗೋಡೆ ಒಳಕ್ಕೆ ಹೋಗಿ, ಗುದ್ದು ತಾಳುವ ಬಫರ್ ವಾಲಿ, ನೋಡಿದವರೆಲ್ಲ "ಇದರ ಕಥೆ ಮುಗಿಯಿತು" ಎಂದರು. ನಾವು ಅದನ್ನು ಮಟ್ಟವಾದ ಹಳಿಯ ಮೇಲೆ ನಿಲ್ಲಿಸಿ, ತಳದ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಕರ್ಣ ಅಳೆದೆವು. ಎರಡೂ ಕರ್ಣಗಳು ಸಮ. ತಂತಿ ಎಳೆದು ನೋಡಿದರೆ ಸೋಲ್‌ಬಾರಿನ ನಡುವಿನ ಉಬ್ಬು ಇರಬೇಕಾದಷ್ಟೇ ಇತ್ತು. ಅಂದರೆ ಮುಖ ಒಡೆದಿದೆ, ಬೆನ್ನು ನೆಟ್ಟಗಿದೆ. ತುದಿಯ ಗೋಡೆ ಬದಲಿಸಿ ಕಳಿಸಿದೆವು, ಆಮೇಲೆ ಹಲವು ವರ್ಷ ಓಡಿತು. ಅದೇ ತಿಂಗಳು ಹೊಸ ಬಣ್ಣ ಬಳಿದ ಇನ್ನೊಂದು ಕೋಚು ಬಂತು. ಶೌಚಾಲಯದ ಅಡಿಯ ಸೋಲ್‌ಬಾರಿಗೆ ನಮ್ಮ ಹುಡುಗ ಸ್ಕ್ರೂಡ್ರೈವರ್ ಚುಚ್ಚಿದ, ಹಿಡಿಯವರೆಗೆ ಒಳಗೆ ಹೋಯಿತು. ಅದು ಮತ್ತೆ ರೈಲಿಗೆ ಸೇರಲಿಲ್ಲ. ಕರ್ಣ ಸಮವಿಲ್ಲದ, ಅಂದರೆ ತಳವೇ ತಿರುಚಿದ ಕೋಚನ್ನು ನೆಟ್ಟಗೆ ಮಾಡಿದ್ದೇವೆಂದು ಹೇಳುವವರನ್ನು ನಾನು ನಂಬುವುದಿಲ್ಲ. ಬೆಂಕಿ ಬಿದ್ದದ್ದನ್ನೂ ಅಷ್ಟೇ. ಬಿಸಿಗೆ ತಗಡಿನ ಬಿಗಿ ಹೋದ ಮೇಲೆ ಅದು ಕೋಚಲ್ಲ, ಡಬ್ಬ.

ಇಷ್ಟು ಕೇಳಿ ನೆರೆಯವರು, "ಹಾಗಾದರೆ ತುಕ್ಕಿಲ್ಲದ ಗಟ್ಟಿ ಕೋಚನ್ನೂ ಈಗ ತೆಗೆಯುತ್ತಿದ್ದಾರಲ್ಲ, ಅದೇಕೆ?" ಎಂದರು. ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಉಕ್ಕಿನಲ್ಲಿಲ್ಲ, ಕಪ್ಲಿಂಗಿನಲ್ಲಿದೆ. ಹಳೆಯ ಕೋಚುಗಳನ್ನು ಜೋಡಿಸುವುದು ಸ್ಕ್ರೂ ಕಪ್ಲಿಂಗ್, ಪಕ್ಕಕ್ಕೆ ಎರಡು ಬಫರ್. ಜೋರಾಗಿ ಗುದ್ದಿದಾಗ ಒಂದು ಕೋಚು ಇನ್ನೊಂದರ ಮೇಲೆ ಹತ್ತುತ್ತದೆ, ಇಲ್ಲವೇ ಒಳಕ್ಕೆ ನುಗ್ಗುತ್ತದೆ. ಹೆಚ್ಚು ಸಾವು ಆಗುವುದು ಅಲ್ಲೇ. ಜರ್ಮನ್ ಮೂಲದ ಎಲ್‌ಎಚ್‌ಬಿ ಕೋಚಿನ ನಡುವಿನ ಕಪ್ಲರ್ ಹಾಗೆ ಹತ್ತಲು ಬಿಡದಂತೆ ಮಾಡಿದ್ದು. ಅನಿಲ್ ಕಾಕೋಡ್ಕರ್ ನೇತೃತ್ವದ ಸುರಕ್ಷತಾ ಸಮಿತಿ 2012ರಲ್ಲಿ ಹಳೆಯ ವಿನ್ಯಾಸ ಬಿಟ್ಟು ಪೂರ್ತಿ ಎಲ್‌ಎಚ್‌ಬಿಗೆ ಬದಲಾಗಬೇಕೆಂದಿತು. 2018ರ ಜನವರಿಯಲ್ಲಿ ಪೆರಂಬೂರಿನಲ್ಲಿ ಹಳೆಯ ಮಾದರಿಯ ತಯಾರಿ ನಿಂತಿತು. ಎಲ್ಲ ಅಪಘಾತಕ್ಕೂ ಇದು ಮದ್ದಲ್ಲ. 2004ರ ಜೂನ್‌ನಲ್ಲಿ ಕರಂಜಾಡಿಯ ಬಳಿ ನಮ್ಮ ಮಂಗಳೂರು–ಮುಂಬೈ ಮತ್ಸ್ಯಗಂಧ ರೈಲು ಬಂಡೆಗೆ ಬಡಿದು ಸೇತುವೆಯಿಂದ ಉರುಳಿತು. ಹಳಿಯ ಮೇಲೆ ಬಂಡೆ ಬಿದ್ದರೆ ಯಾವ ಕೋಚು ಏನು ಮಾಡೀತು?

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎರಡೂ ಜಾತಿಯ ಕಪ್ಲಿಂಗ್ ಬೇರೆ, ಬ್ರೇಕ್ ಬೇರೆ, ಉದ್ದ ಬೇರೆ. ಒಂದೇ ರೈಲಿನಲ್ಲಿ ಬೆರೆಸಿ ಓಡಿಸುವ ಹಾಗಿಲ್ಲ. ಆದ್ದರಿಂದ ಬದಲಾದರೆ ಇಡೀ ರೇಕು, ಅಂದರೆ ರೈಲಿನ ಕೋಚುಗಳ ಪೂರ್ತಿ ಸಾಲು, ಬದಲಾಗಬೇಕು. ಉಡುಪಿ, ಮಂಗಳೂರಿನ ಪ್ರಯಾಣಿಕರು ವರ್ಷಗಟ್ಟಲೆ ಕೇಳಿದ ಮೇಲೆ 2025ರ ಫೆಬ್ರುವರಿಯಲ್ಲಿ ಮತ್ಸ್ಯಗಂಧಕ್ಕೆ ಎಲ್‌ಎಚ್‌ಬಿ ಬಂತು. ಹೀಗೆ ರೇಕು ಬದಲಾಗುವಾಗ ಹತ್ತು ವರ್ಷ ಬಾಳಬಲ್ಲ ಕೋಚೂ ತನ್ನ ಒಡಹುಟ್ಟಿದವರ ಜೊತೆ ಹೊರಬೀಳುತ್ತದೆ. ಕೆಲವನ್ನು ಬೇರೆ ರೈಲುಗಳಿಗೆ ಕೊಡುತ್ತಾರೆ, ಕೆಲವನ್ನು ಕಿಟಕಿ ಮುಚ್ಚಿ ತುದಿಗೆ ಬಾಗಿಲಿಟ್ಟು ಕಾರು ಸಾಗಿಸುವ ವ್ಯಾಗನ್ ಮಾಡುತ್ತಾರೆ. ಕಿಟಕಿಯಿಲ್ಲದ ಕೋಚುಗಳ ಗೂಡ್ಸ್ ರೈಲು ಕಂಡರೆ ಅದು ಅದೇ.

ಎಲ್‌ಎಚ್‌ಬಿ ಸ್ಟೇನ್‌ಲೆಸ್ ಸ್ಟೀಲ್, ತುಕ್ಕಿನ ಚಿಂತೆ ಮುಗಿಯಿತು ಎನ್ನುವವರಿಗೆ ಒಂದು ಮಾತು. ಅದರ ತಳದಲ್ಲಿಯೂ ಸ್ಟೇನ್‌ಲೆಸ್ ಅಲ್ಲದ ಉಕ್ಕಿನ ಭಾಗಗಳಿವೆ, ನಮ್ಮ ಸಮುದ್ರಕ್ಕೆ ಅವು ಗೊತ್ತು. ಪೆಟ್ಟು ಬಿದ್ದರೆ ರಿಪೇರಿಯೂ ಕಷ್ಟ: ಬೆಸುಗೆಯ ಬಿಸಿಗೆ ಸ್ಟೇನ್‌ಲೆಸ್ ತಗಡು ಹೆಚ್ಚು ಸೊಟ್ಟಗಾಗುತ್ತದೆ, ಹಳೆಯ ಉಕ್ಕಿಗೆ ಬಳಸಿದ ತಂತಿ ಬ್ರಷ್ಷನ್ನೇ ಇದಕ್ಕೂ ಉಜ್ಜಿದರೆ ಸ್ಟೇನ್‌ಲೆಸ್ ಮೇಲೂ ತುಕ್ಕಿನ ಚುಕ್ಕಿ ಏಳುತ್ತದೆ. ಹಳೆಯ ಕೋಚಿನ ಹಳ್ಳ ಬಡಿದು ಸರಿ ಮಾಡಿದ ಕೈಗಳು ಇದನ್ನು ಹೊಸದಾಗಿ ಕಲಿಯಬೇಕಾಯಿತು.

ನೆರೆಯವರು ಏಳುವಾಗ ನಿಜವಾದ ವಿಷಯ ಹೊರಬಂತು. ಮಲ್ಪೆ ಕಡೆ ಅವರಿಗೆ ಸ್ವಲ್ಪ ಜಾಗವಿದೆ. ಹಳೆಯ ಕೋಚೊಂದನ್ನು ಹರಾಜಿನಲ್ಲಿ ತಂದು ಹೋಟೆಲ್ ಮಾಡಿದರೆ ಹೇಗೆ? ಮಾಡಬಹುದು ಎಂದೆ. ಆದರೆ ಬೋಗಿ ತೆಗೆದ ಕೋಚನ್ನು ಸಿಕ್ಕಲ್ಲಿ ಕಲ್ಲಿಟ್ಟು ಕೂರಿಸಬಾರದು. ಅದು ಎರಡು ಬೋಗಿಗಳ ಮೇಲೆ, ನಡುವೆ 14.78 ಮೀಟರ್ ಅಂತರದಲ್ಲಿ, ಭಾರ ಕೊಡಲೆಂದೇ ಕಟ್ಟಿದ್ದು. ಅಡಿಪಾಯವೂ ಅದೇ ಎರಡು ಜಾಗದಲ್ಲಿ ಬರಬೇಕು. ನಡುವೆ ಮಾತ್ರ ಎತ್ತಿ ಹಿಡಿದರೆ ಎರಡೂ ತುದಿ ತೂಗಿ, ಬಾಗಿಲುಗಳು ಮುಚ್ಚದೆ ಕೂರುತ್ತವೆ. ನೀರಿನ ತೂತುಗಳನ್ನು ಮಳೆಗಾಲಕ್ಕೆ ಮೊದಲು ಪ್ರತಿ ವರ್ಷ ಚುಚ್ಚಿ ಬಿಡಿಸಬೇಕು. ಕೊಳ್ಳುವ ಮೊದಲು ಕೋಚಿನ ಅಡಿಗೆ ಹೋಗಿ ನೋಡಬೇಕು, ಬಣ್ಣ ನೋಡಿ ಮರುಳಾಗಬಾರದು.

"ನೀವೂ ಬರುತ್ತೀರಲ್ಲ?" ಎಂದರು. ಸುತ್ತಿಗೆ ಅಟ್ಟದ ಮೇಲಿತ್ತು. ಮಗನನ್ನು ಕರೆದು ಇಳಿಸಲು ಹೇಳಿದೆ.